ಕಿವಿ ಮುಚ್ಕೊಳ್ಳಿ ಅನ್ನಬೇಡಿ, ಹಾಲ್ ಸರಿಮಾಡಿ

ಹೋದ ತಿಂಗಳು ನಮ್ಮ ಹೋಬಳಿಯ ಸಮುದಾಯ ಭವನದ ನಡುವೆ ನಿಂತು ಒಂದು ಚಪ್ಪಾಳೆ ಹೊಡೆದೆ. ಒಂದೇ ಒಂದು. ಭವನ ಖಾಲಿ ಇತ್ತು. ಆ ಸದ್ದು ಗೋಡೆಯಿಂದ ಗೋಡೆಗೆ, ತಾರಸಿಯಿಂದ ಟೈಲ್ಸಿಗೆ ಬಡಿದು, ನಾನು ಒಂದು, ಎರಡು, ಮೂರು ಎಣಿಸುವವರೆಗೂ ಗುಂಯ್ ಅನ್ನುತ್ತಲೇ ಇತ್ತು.

ಜೊತೆಗೆ ಬಂದಿದ್ದ ಚಿಕ್ಕಪ್ಪ ನಕ್ಕರು. ಅವರು ಪಂಚಾಯ್ತಿ ಸದಸ್ಯರು. "ಏನವ್ವ, ಊರಿಗೆ ಅರವತ್ತು ಕೆಲ್ಸ ಬರ್ತಾ ಐತೆ ಅಂದ್ರೆ ನೀನು ಚಪ್ಪಾಳೆ ಎಣಿಸ್ಕಂಡು ನಿಂತಿದ್ದೀಯ?"

ಕೆಲಸ ಬರುತ್ತಿರುವುದು ನಿಜ. ಮದುವೆ ಇಲ್ಲದ ದಿನ ಬೀಗ ಹಾಕಿಕೊಂಡಿರುವ ಈ ಭವನವನ್ನು ಒಂದು ಕಂಪನಿಗೆ ಬಾಡಿಗೆಗೆ ಕೊಡುವ ಮಾತು ನಡೆದಿದೆ. ಅರವತ್ತು ಕುರ್ಚಿ, ಅರವತ್ತು ಕಂಪ್ಯೂಟರ್. ಫೋನಿನಲ್ಲಿ ಗ್ರಾಹಕರ ಜೊತೆ ಮಾತಾಡುವುದು, ಡೇಟಾ ಎಂಟ್ರಿ ಮಾಡುವುದು. ಪಿಯುಸಿ, ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿರುವ ನಮ್ಮ ಹುಡುಗಿಯರು ಬೆಂಗಳೂರಿನ ಪೀಜಿಯಲ್ಲಿ ಸಾಯಬೇಕಿಲ್ಲ. ಸಂಜೆ ಮನೆಗೆ ಬಂದು ಊಟ ಮಾಡಬಹುದು. ಇದಕ್ಕಿಂತ ಒಳ್ಳೆಯ ಸುದ್ದಿ ನಮ್ಮ ಕಡೆಗೆ ಬಂದು ಎಷ್ಟು ಕಾಲವಾಯಿತು!

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ನಾನು ಈ ಆಫೀಸು ಬೇಡ ಅನ್ನುತ್ತಿಲ್ಲ. ಬರಲಿ. ಆದರೆ ಈಗಿರುವ ಹಾಲ್‌ನಲ್ಲಿ ಹೀಗೇ ಬರುವುದು ಬೇಡ. ಕಂಪನಿಯವರು ತೋರಿಸಿದ ನಕ್ಷೆ ನೋಡಿದೆ. ನಡುವೆ ಉದ್ದುದ್ದ ಮೇಜುಗಳು, ಮೂಲೆಯಲ್ಲಿ ಮ್ಯಾನೇಜರ್‌ಗೆ ಗಾಜಿನ ಕ್ಯಾಬಿನ್, ಪಕ್ಕದಲ್ಲಿ ಎಸಿ ಇರುವ ಮೀಟಿಂಗ್ ರೂಮು. ಇಡೀ ದಿನ ಮಾತಾಡುವ ಅರವತ್ತು ಜನರಿಗೆ ಬಾಗಿಲಿಲ್ಲ. ಅಪರೂಪಕ್ಕೆ ಮಾತಾಡುವ ಒಬ್ಬರಿಗೆ ಬಾಗಿಲಿದೆ. ಶಬ್ದ ತಡೆಯುವುದು ಹೇಗೆ ಅಂತ ಅವರಿಗೆ ಗೊತ್ತಿಲ್ಲದೆ ಇಲ್ಲ. ಯಾರಿಗೆ ತಡೆಯಬೇಕು ಅನ್ನುವುದನ್ನೂ ಅವರೇ ತೀರ್ಮಾನ ಮಾಡಿಕೊಂಡಿದ್ದಾರೆ.

ನನ್ನ ಎಂಟು ತಿಂಗಳು

ಪತ್ರಿಕೋದ್ಯಮ ಓದಿದ ಮೇಲೆ ಕೆಲಸ ಸಿಗದೆ ನಾನು ಬೆಂಗಳೂರಿನ ಒಂದು ಕಾಲ್ ಸೆಂಟರ್‌ನಲ್ಲಿ ಎಂಟು ತಿಂಗಳು ಇದ್ದೆ. ಒಂದೇ ಹಾಲ್‌ನಲ್ಲಿ ನೂರಕ್ಕೂ ಹೆಚ್ಚು ಜನ. ನನ್ನ ಎಡಕ್ಕೆ ಒಬ್ಬಳು ಹಿಂದಿಯಲ್ಲಿ, ಬಲಕ್ಕೆ ಒಬ್ಬ ತೆಲುಗಿನಲ್ಲಿ, ಹಿಂದೆ ಇಬ್ಬರು ಕನ್ನಡದಲ್ಲಿ. ಎಲ್ಲರೂ ಒಟ್ಟಿಗೆ.

ಗ್ರಾಹಕರು ಹದಿನಾರು ಅಂಕಿಯ ಕಾರ್ಡ್ ನಂಬರ್ ಹೇಳುತ್ತಾರೆ. ನಾಲ್ಕು ಅಂಕಿ ಕೇಳಿ ಬರೆಯುವಷ್ಟರಲ್ಲಿ ಪಕ್ಕದವನು ತನ್ನ ಗ್ರಾಹಕನಿಗೆ "ಏಳು, ಎರಡು, ಒಂಬತ್ತು" ಅನ್ನುತ್ತಾನೆ. ನನ್ನ ಕೈ ಅವನ ಅಂಕಿ ಒತ್ತಿಬಿಡುತ್ತದೆ. "ಸಾರಿ ಸಾರ್, ಇನ್ನೊಂದು ಸಲ ಹೇಳ್ತೀರಾ?" ಅಂತ ಕೇಳಿದರೆ ಅವರು ರೇಗುತ್ತಾರೆ. ಕಾಲ್ ಉದ್ದವಾಗುತ್ತದೆ. ಕಾಲ್ ಉದ್ದವಾದರೆ ಅಂಕ ಕಡಿಮೆ. ಅಂಕ ಕಡಿಮೆಯಾದರೆ ತಿಂಗಳ ಕೊನೆಯಲ್ಲಿ ಸಿಗುವ ಇನ್ಸೆಂಟಿವ್ ಇಲ್ಲ. ತಪ್ಪು ಹಾಲ್‌ನದು, ಕಡಿತ ನನ್ನ ಸಂಬಳದ್ದು.

ಮೂರನೇ ತಿಂಗಳಿಗೆ ಗಂಟಲು ಒಡೆಯಿತು. ಸಂಜೆ ಬಸ್ಸಿನಲ್ಲಿ ಕೂತರೆ ಕಿವಿಯೊಳಗೆ ಜನ ಮಾತಾಡುತ್ತಲೇ ಇರುತ್ತಿದ್ದರು. ಅಮ್ಮ ಫೋನ್ ಮಾಡಿದರೆ ಎತ್ತಲು ಮನಸ್ಸಿರುತ್ತಿರಲಿಲ್ಲ. ಅಮ್ಮನ ಮೇಲೆ ಬೇಸರವಿರಲಿಲ್ಲ. ಇನ್ನೊಂದು ದನಿಯನ್ನು ಕಿವಿಗೆ ತಂದುಕೊಳ್ಳುವ ಶಕ್ತಿ ಇರಲಿಲ್ಲ, ಅಷ್ಟೆ. "ಮಗಳು ಬೆಂಗಳೂರಿಗೆ ಹೋದ್ಮೇಲೆ ಬದಲಾದ್ಲು" ಅಂತ ಅಮ್ಮ ಪಕ್ಕದ ಮನೆಯವರ ಹತ್ತಿರ ಹೇಳಿಕೊಂಡರಂತೆ.

ನಿಮ್ಮ ಮನೆಯ ಹುಡುಗ ಅಥವಾ ಹುಡುಗಿ ಬೆಂಗಳೂರಿನಿಂದ ಬಂದಾಗ ಎರಡು ದಿನ ಯಾರ ಜೊತೆಗೂ ಮಾತಾಡದೆ ಮಲಗಿಬಿಡುತ್ತಾರಾ? ಬೈಯುವ ಮೊದಲು ಒಮ್ಮೆ ಕೇಳಿ ನೋಡಿ: ನೀನು ಕೆಲಸ ಮಾಡುವ ಜಾಗ ಹೇಗಿದೆ?

ಒಂದು ದಿನ ಧೈರ್ಯ ಮಾಡಿ ಟೀಮ್ ಲೀಡರ್ ಹತ್ತಿರ ಹೇಳಿದೆ. "ಸರ್, ಗಲಾಟೆ ಜಾಸ್ತಿ. ಜಾಗ ಬದಲಾಯಿಸ್ತೀರಾ?" ಅವರು ಕೆಟ್ಟವರೇನಲ್ಲ. ನಗುತ್ತಲೇ ಹೇಳಿದರು: "ಏನ್ರೀ, ನೀವು ಹಳ್ಳಿಯವರು. ಸಂತೆ, ಜಾತ್ರೆ, ಮೈಕ್ ಸೆಟ್ ಕೇಳ್ಕೊಂಡು ಬೆಳೆದವರು. ನಿಮಗೇನು ಗಲಾಟೆ?"

ಆ ಮಾತಿಗೆ ಅಂದು ಉತ್ತರ ಕೊಡಲಿಲ್ಲ. ಇಂದು ಕೊಡುತ್ತೇನೆ.

ಸಂತೆ ಬೇರೆ, ಹಾಲ್ ಬೇರೆ

ಸಂತೆಯಲ್ಲಿ ಗದ್ದಲ ಇರುತ್ತದೆ ಸ್ವಾಮಿ. ಆದರೆ ತಲೆ ಮೇಲೆ ಆಕಾಶ ಇರುತ್ತದೆ. ಕೂಗಿದ ಕೂಗು ಮೇಲೆ ಹೋಗುತ್ತದೆ, ತಿರುಗಿ ಬರುವುದಿಲ್ಲ. ಬೇಡವಾದರೆ ನಾನು ಆ ಕಡೆ ನಡೆಯಬಹುದು. ಎರಡು ತಾಸಿಗೆ ಸಂತೆ ಮುಗಿಸಿ ಬಸ್ಸು ಹತ್ತಬಹುದು. ಮೆಣಸಿನಕಾಯಿ ಮಾರುವ ಅಜ್ಜಿಗೆ ಹದಿನಾರು ಅಂಕಿ ನೆನಪಿಟ್ಟುಕೋ ಅಂತ ಯಾರೂ ಹೇಳುವುದಿಲ್ಲ. ಅವಳು ಕೂಗುವುದು ಅವಳ ವ್ಯಾಪಾರಕ್ಕೆ, ಅವಳ ಇಷ್ಟಕ್ಕೆ.

ಹಾಲ್‌ನಲ್ಲಿ ಆಕಾಶ ಇಲ್ಲ, ಎದ್ದು ನಡೆಯುವ ಹಾಗಿಲ್ಲ, ಒಂಬತ್ತು ತಾಸಿಗೆ ಮೊದಲು ಮುಗಿಯುವುದಿಲ್ಲ. ಅದನ್ನು 'ಓಪನ್ ಆಫೀಸ್' ಅನ್ನುತ್ತಾರೆ. ಓಪನ್ ಅಂದರೆ ನಮಗೆ ಗೊತ್ತಿರುವುದು ಬಯಲು. ಗೋಡೆ ಕಿತ್ತು ತಾರಸಿ ಉಳಿಸಿಕೊಂಡರೆ ಅದು ಬಯಲಾಗುವುದಿಲ್ಲ. ಕೊಳವಾಗುತ್ತದೆ. ಒಳಗೆ ಬಿದ್ದ ಸದ್ದು ಅಲ್ಲೇ ಅಲೆಯುತ್ತಿರುತ್ತದೆ.

ಇನ್ನು ಹಳ್ಳಿಯವರಿಗೆ ಗಲಾಟೆ ಅಭ್ಯಾಸ ಅನ್ನುವ ಮಾತು. ನಾವು ಗೂಬೆ ಕೂಗಿದರೆ ಎದ್ದು ಕೂರುವವರು. ರಾತ್ರಿ ಹೊಲದಲ್ಲಿ ಮೋಟರ್ ನಿಂತಿದ್ದು ಮಲಗಿದ್ದಲ್ಲೇ ಗೊತ್ತಾಗುತ್ತದೆ ನಮಗೆ. ಕೊಟ್ಟಿಗೆಯಲ್ಲಿ ಹಸು ನರಳಿದರೆ ದನಿ ಕೇಳಿಯೇ ಹೊಟ್ಟೆನೋವೋ ಕರು ಹಾಕುತ್ತದೋ ಹೇಳುತ್ತೇವೆ. ನಮ್ಮ ಕಿವಿ ಸೂಕ್ಷ್ಮ. ಮೊಂಡಲ್ಲ. ಹಳ್ಳಿಯವರು ಏನು ಕೊಟ್ಟರೂ ತಡೆದುಕೊಳ್ಳುತ್ತಾರೆ ಅನ್ನುವ ನಂಬಿಕೆ ಕೂಲಿಯಲ್ಲಿ ಆಯಿತು, ನೀರಿನಲ್ಲಿ ಆಯಿತು, ಈಗ ಕಿವಿಗೂ ಬಂದಿದೆ.

ಕಣ್ಣಿಗೆ ರೆಪ್ಪೆ ಇದೆ, ಕಿವಿಗೆ ಇಲ್ಲ

"ಪಕ್ಕದವರ ಮಾತಿಗೆ ಗಮನ ಕೊಡಬೇಡಿ" ಅನ್ನುವುದು ಸುಲಭ. ಆಗುತ್ತದಾ?

ಆಗುವುದಿಲ್ಲ ಅಂತ 1976ರಲ್ಲೇ ಗೊತ್ತಾಗಿದೆ. ಕಾಲ್ ಮತ್ತು ವೆಲ್ಶ್ ಎಂಬ ಇಬ್ಬರು ಸಂಶೋಧಕರು ಜನರಿಗೆ ಸಾಲಾಗಿ ಅಕ್ಷರಗಳನ್ನು ತೋರಿಸಿ ನೆನಪಿಟ್ಟುಕೊಳ್ಳಲು ಹೇಳಿದರು. ಆ ಹೊತ್ತಿನಲ್ಲಿ ಅವರ ಕಿವಿಗೆ ಜರ್ಮನ್ ಭಾಷೆಯ ಮಾತು ಹಾಕಿದರು. ಕೇಳುತ್ತಿದ್ದವರಿಗೆ ಜರ್ಮನ್ ಬರುತ್ತಿರಲಿಲ್ಲ. ಆದರೂ ತಪ್ಪು ಹೆಚ್ಚಾಯಿತು. ಅಂದರೆ ಅರ್ಥವಾಗದ ಭಾಷೆಯಾದರೂ ಸರಿ, ಮಾತು ಅಂದರೆ ಮಿದುಳು ಅತ್ತ ಹೊರಳುತ್ತದೆ. ಆಮೇಲೆ ಬೇರೆಯವರೂ ಇದನ್ನು ಮತ್ತೆ ಮತ್ತೆ ಪರೀಕ್ಷಿಸಿ ಹೌದು ಅಂದಿದ್ದಾರೆ. ನನ್ನ ಕೈ ಪಕ್ಕದವನ ಅಂಕಿ ಒತ್ತಿದ್ದು ನನ್ನ ದಡ್ಡತನ ಅಲ್ಲ.

ಇನ್ನೊಂದು ಕೇಳಿ. 2000ನೇ ಇಸವಿಯಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ತಮ್ಮ ಅಧ್ಯಯನ ಪ್ರಕಟಿಸಿದರು. ನಲವತ್ತು ಜನ ಗುಮಾಸ್ತೆಯರಲ್ಲಿ ಕೆಲವರನ್ನು ಸದ್ದಿಲ್ಲದ ಕಡೆ, ಉಳಿದವರನ್ನು ಓಪನ್ ಆಫೀಸಿನ ಸದ್ದು ಕೇಳಿಸುವ ಕಡೆ ಮೂರು ತಾಸು ಕೂರಿಸಿದ್ದರು. ಕಿವಿ ಹರಿಯುವ ಸದ್ದೇನಲ್ಲ, ಮಾಮೂಲಿ ಸದ್ದು. ಸದ್ದಿನಲ್ಲಿ ಕೂತವರ ಮೂತ್ರ ಪರೀಕ್ಷೆ ಮಾಡಿದಾಗ, ಮೈ ಗಾಬರಿಯಾದಾಗ ಹುಟ್ಟುವ ಅಡ್ರಿನಲಿನ್ ಹೆಚ್ಚಾಗಿತ್ತು. ಆಮೇಲೆ ಕೊಟ್ಟ ಕಷ್ಟದ ಒಗಟನ್ನು ಅವರು ಬೇಗ ಕೈಬಿಟ್ಟರು. ಕೂತ ಭಂಗಿಯನ್ನು ಸರಿಮಾಡಿಕೊಳ್ಳುವುದೂ ಕಡಿಮೆಯಾಗಿತ್ತು, ಇದರಿಂದ ಬೆನ್ನು ಕುತ್ತಿಗೆ ಹಿಡಿಯುತ್ತದೆ.

ಇದರಲ್ಲಿ ನನಗೆ ಹೆದರಿಕೆ ಹುಟ್ಟಿಸಿದ ಭಾಗ ಬೇರೆ. ಒತ್ತಡ ಎಷ್ಟಾಯಿತು ಅಂತ ಕೇಳಿದರೆ, ಸದ್ದಿನಲ್ಲಿ ಕೂತವರು ಸದ್ದಿಲ್ಲದ ಕಡೆ ಕೂತವರಷ್ಟೇ ಅಂದರು. ಬಾಯಿ ಪರವಾಗಿಲ್ಲ ಅಂತು, ಮೈ ಇಲ್ಲ ಅಂತು. ನಾಳೆ ನಮ್ಮ ಹುಡುಗಿಯರನ್ನು ಕೇಳಿದರೂ "ಪರವಾಗಿಲ್ಲ ಸರ್, ಅಡ್ಜಸ್ಟ್ ಆಗಿದೆ" ಅನ್ನುತ್ತಾರೆ. ಹಾಗಂತ ನಂಬಿ ಕೂರಬೇಡಿ.

ಸದ್ದು ಸದ್ದನ್ನು ಹುಟ್ಟಿಸುತ್ತದೆ. ಇದನ್ನು ಲೊಂಬಾರ್ಡ್ ಎಂಬ ಫ್ರೆಂಚ್ ವೈದ್ಯ 1911ರಲ್ಲಿ ಬರೆದಿಟ್ಟ. ಸುತ್ತ ಗಲಾಟೆ ಇದ್ದರೆ ಮನುಷ್ಯ ತನಗೆ ಗೊತ್ತಿಲ್ಲದೆಯೇ ದನಿ ಏರಿಸುತ್ತಾನೆ. ಅವನು ಏರಿಸಿದ್ದಕ್ಕೆ ಪಕ್ಕದವನು ಏರಿಸುತ್ತಾನೆ. ಮದುವೆ ಊಟದ ಪಂಕ್ತಿಯಲ್ಲಿ ನೋಡಿ, ಮೊದಲ ಎಲೆ ಹಾಕುವಾಗ ಮೆಲ್ಲಗೆ ಮಾತಾಡುತ್ತಿದ್ದವರು ಪಾಯಸ ಬರುವ ಹೊತ್ತಿಗೆ ಕಿರುಚುತ್ತಿರುತ್ತಾರೆ. ಯಾರಿಗೂ ಜಗಳ ಇಲ್ಲ. ಹಾಲ್ ಅವರನ್ನು ಕಿರುಚಿಸುತ್ತಿದೆ. ಅದೇ ಹಾಲ್‌ನಲ್ಲಿ ಈಗ ದಿನಕ್ಕೆ ಒಂಬತ್ತು ತಾಸು ಫೋನಿನ ಕೆಲಸ.

ಈ ಹಾಲ್ ಎಲ್ಲಿಂದ ಬಂತು

ಗೋಡೆ ಇಲ್ಲದ ಆಫೀಸು ಹೊಸ ಕಾಲದ್ದು, ಎಲ್ಲರೂ ಸಮಾನರು, ಎಲ್ಲರೂ ಬೆರೆಯುತ್ತಾರೆ ಅಂತ ಕಂಪನಿಯವರು ಹೇಳುತ್ತಾರೆ. ಅದರ ಕತೆ ಸ್ವಲ್ಪ ತಿಳಿದುಕೊಳ್ಳಿ.

1950ರ ದಶಕದ ಕೊನೆಯಲ್ಲಿ ಜರ್ಮನಿಯ ಹ್ಯಾಂಬರ್ಗ್ ಹತ್ತಿರ ಷ್ನೆಲ್ಲೆ ಎಂಬ ಅಣ್ಣತಮ್ಮಂದಿರು ಇಂಥ ಆಫೀಸು ಮಾಡಿಸಲು ಶುರುಮಾಡಿದರು. ಅವರ ಹಾಲ್‌ನಲ್ಲಿ ನೆಲಕ್ಕೆ ಜಮಖಾನೆ ಇತ್ತು. ಅಲ್ಲಲ್ಲಿ ಗಿಡ, ಮಧ್ಯೆ ಮಧ್ಯೆ ತಡಿಕೆಯಂಥ ಮರೆ ಇತ್ತು. ಸದ್ದು ಹೀರುವ ಚಾವಣಿ ಇತ್ತು. ದೊಡ್ಡ ಸಾಹೇಬರೂ ಅದೇ ಹಾಲ್‌ನಲ್ಲಿ ಕೂರಬೇಕಿತ್ತು. 1968ರಲ್ಲಿ ಅಮೆರಿಕದಲ್ಲಿ ರಾಬರ್ಟ್ ಪ್ರಾಪ್ಸ್ಟ್ ಎಂಬಾತ ಮೇಜಿನ ಸುತ್ತ ಮರೆ ನಿಲ್ಲಿಸುವ ಪೀಠೋಪಕರಣ ತಂದ. ಕಂಪನಿಗಳು ಅದನ್ನು ಜನರನ್ನು ಒತ್ತೊತ್ತಾಗಿ ತುಂಬಲು ಬಳಸಿದ್ದನ್ನು ನೋಡಿ ಕೊನೆಗಾಲದಲ್ಲಿ ಅವನೇ ನೊಂದುಕೊಂಡ.

ಆಮೇಲೆ ಏನಾಯಿತು? ಜಮಖಾನೆ ಹೋಯಿತು. ಚಾವಣಿ ಹೋಯಿತು. ಗಿಡ ಹೋಯಿತು. ಮರೆಯೂ ಹೋಯಿತು. ಸಾಹೇಬರು ಎದ್ದು ಕ್ಯಾಬಿನ್ನಿಗೆ ಹೋದರು. ಉಳಿದದ್ದು ಗೋಡೆ ಇಲ್ಲದ ಹಾಲ್ ಮತ್ತು 'ಸಮಾನತೆ' ಎಂಬ ಮಾತು. ಗೋಡೆ ಕಟ್ಟದಿದ್ದರೆ ಖರ್ಚು ಉಳಿಯುತ್ತದೆ, ಅದೇ ಜಾಗದಲ್ಲಿ ಹೆಚ್ಚು ಕುರ್ಚಿ ಹಿಡಿಸುತ್ತದೆ. ಅಷ್ಟೇ ವಿಷಯ.

ಬೆರೆಯುವ ಮಾತೂ ಸುಳ್ಳು. 2018ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಎರಡು ದೊಡ್ಡ ಕಂಪನಿಗಳಲ್ಲಿ ಗೋಡೆ ತೆಗೆಯುವ ಮೊದಲು ಮತ್ತು ಆಮೇಲೆ, ನೌಕರರ ಕೊರಳಿಗೆ ಅಳೆಯುವ ಯಂತ್ರ ಹಾಕಿ ನೋಡಿದರು. ಗೋಡೆ ತೆಗೆದ ಮೇಲೆ ಜನ ಮುಖಾಮುಖಿ ಮಾತಾಡುವುದು ಸುಮಾರು 70 ಶೇಕಡಾ ಕಡಿಮೆಯಾಗಿತ್ತು. ಎಲ್ಲರೂ ಮೇಲ್, ಮೆಸೇಜ್ ಕಳಿಸತೊಡಗಿದ್ದರು. ಎಲ್ಲರಿಗೂ ಎಲ್ಲವೂ ಕೇಳುವ ಕಡೆ ಯಾರೂ ಮನಸ್ಸಿನ ಮಾತಾಡುವುದಿಲ್ಲ. ಇದು ಗೊತ್ತಾಗಲು ಹಾರ್ವರ್ಡ್ ಬೇಕಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಮನೆ ಜಗಳ ಮಾತಾಡುತ್ತೀವಾ ನಾವು?

ಇದರಲ್ಲಿ ಇನ್ನೊಂದು ಸಂಗತಿಯೂ ಇದೆ. 1970ರ ದಶಕದಲ್ಲಿ ಜರ್ಮನಿ, ಸ್ವೀಡನ್, ನೆದರ್ಲೆಂಡ್ಸ್ ದೇಶಗಳಲ್ಲಿ ನೌಕರರ ಮಂಡಳಿಗಳು ಇಂಥ ಹಾಲ್‌ಗಳು ನಮಗೆ ಬೇಡ ಅಂತ ಪಟ್ಟು ಹಿಡಿದವು. ಅಲ್ಲೆಲ್ಲ ಮತ್ತೆ ಸಣ್ಣ ಸಣ್ಣ ಕೋಣೆಗಳ ಆಫೀಸು ಬಂತು. ಕೇಳಿದವರಿಗೆ ಸಿಕ್ಕಿತು.

ಸದ್ದು ಕುಡಿಯುವ ವಿದ್ಯೆ

"ಹಾಲ್ ಅಂದ್ಮೇಲೆ ಸದ್ದು ಇದ್ದೇ ಇರುತ್ತೆ" ಅಂತ ಚಿಕ್ಕಪ್ಪ ಹೇಳಿದರು. ಇಲ್ಲ ಚಿಕ್ಕಪ್ಪ. ಅದಕ್ಕೂ ಲೆಕ್ಕ ಇದೆ.

1895ರಲ್ಲಿ ಹಾರ್ವರ್ಡ್‌ನಲ್ಲೇ ಹೊಸದಾಗಿ ಕಟ್ಟಿದ ಒಂದು ಪಾಠದ ಹಾಲ್‌ನಲ್ಲಿ ಮೇಷ್ಟ್ರ ಮಾತು ಒಬ್ಬರಿಗೂ ಅರ್ಥವಾಗುತ್ತಿರಲಿಲ್ಲ. ಒಂದು ಸದ್ದು ಐದೂವರೆ ಸೆಕೆಂಡ್ ಸುತ್ತುತ್ತಿತ್ತು. ವಾಲೇಸ್ ಸೇಬಿನ್ ಎಂಬ ಇಪ್ಪತ್ತೇಳರ ಹರೆಯದ ಅಧ್ಯಾಪಕನಿಗೆ ಅದನ್ನು ಸರಿಮಾಡು ಅಂದರು. ಅವನು ರಾತ್ರಿ ಹೊತ್ತು ಪಕ್ಕದ ನಾಟಕಶಾಲೆಯ ಕುರ್ಚಿಗಳ ಮೆತ್ತೆಗಳನ್ನು ಹೊತ್ತು ತಂದು, ಹಾಲ್‌ನಲ್ಲಿ ಒಂದೊಂದಾಗಿ ಹಾಸಿ, ಕೊಳವೆ ಊದಿ, ಗಡಿಯಾರ ಹಿಡಿದು ಸದ್ದು ಎಷ್ಟು ಹೊತ್ತಿಗೆ ಸಾಯುತ್ತದೆ ಅಂತ ಅಳೆದ. ಮೆತ್ತೆ ಹೆಚ್ಚಿದಷ್ಟೂ ಸದ್ದು ಬೇಗ ಸತ್ತಿತು. ಅದರಿಂದ ಒಂದು ಸೂತ್ರ ಮಾಡಿದ. ಇಂದಿಗೂ ಜಗತ್ತಿನಲ್ಲೆಲ್ಲ ಅದೇ ಸೂತ್ರ.

ಇದು ನಮಗೂ ಗೊತ್ತಿರುವುದೇ. ಸುಣ್ಣ ಹೊಡೆಯಲು ಮನೆ ಖಾಲಿ ಮಾಡಿದಾಗ ಮಾತು ಗುಂಯ್ ಅನ್ನುತ್ತದೆ. ಹಾಸಿಗೆ, ಕಂಬಳಿ, ರಾಗಿ ಮೂಟೆ ವಾಪಸ್ ಬಂದ ಕೂಡಲೇ ನಿಲ್ಲುತ್ತದೆ. ಗಟ್ಟಿ ನುಣುಪು ಜಾಗ ಸದ್ದನ್ನು ಎಸೆಯುತ್ತದೆ. ಮೆತ್ತನೆಯ, ತೂತುತೂತಿನ ಜಾಗ ಸದ್ದನ್ನು ಕುಡಿಯುತ್ತದೆ. ಹಳೆಯ ತೊಟ್ಟಿ ಮನೆಯಲ್ಲಿ ಮೂವತ್ತು ಜನ ಇದ್ದರೂ ತಲೆ ಚಿಟ್ಟು ಹಿಡಿಯುತ್ತಿರಲಿಲ್ಲ. ನಡುವೆ ಆಕಾಶ ಇತ್ತು, ಸುತ್ತ ಮಣ್ಣಿನ ಗೋಡೆ ಇತ್ತು. ಈಗಿನ ಆರ್‌ಸಿಸಿ, ಟೈಲ್ಸ್, ಗಾಜು ಮೂರೂ ಸದ್ದನ್ನು ಎಸೆಯುವ ಜಾತಿ.

ನಮ್ಮ ಭವನದ ಲೆಕ್ಕ ಹಾಕಿದೆ. 60 ಅಡಿ ಉದ್ದ, 40 ಅಡಿ ಅಗಲ, 14 ಅಡಿ ಎತ್ತರ. ಸೇಬಿನ್ ಸೂತ್ರದ ಪ್ರಕಾರ ಖಾಲಿ ಹಾಲ್‌ನಲ್ಲಿ ಸದ್ದು ಸಾಯಲು ಸುಮಾರು 5 ಸೆಕೆಂಡ್ ಬೇಕು. ಚಾವಣಿಗೆ ಪೂರ್ತಿಯಾಗಿ ಸದ್ದು ಹೀರುವ ಹಲಗೆ ಹಾಕಿದರೆ 1 ಸೆಕೆಂಡಿಗಿಂತ ಕಡಿಮೆ. ಬೇರೇನೂ ಮಾಡದೆ, ಚಾವಣಿ ಒಂದರಿಂದಲೇ ಇಷ್ಟು.

ಹಾಗಾದರೆ ಏನೇನು ಮಾಡಬೇಕು? ಮುಖ್ಯವಾದವು ಐದು.

ಮೊದಲನೆಯದು ಚಾವಣಿ. ಖನಿಜ ಉಣ್ಣೆಯ ಹಲಗೆ ಮಾರುಕಟ್ಟೆಯಲ್ಲಿ ಸಿಗುತ್ತದೆ. ತೆಂಗಿನ ನಾರಿನ ದಪ್ಪ ಹಾಸು ಕೂಡ ಸದ್ದು ಕುಡಿಯುತ್ತದೆ, ಹಿಂದೆ ಸ್ವಲ್ಪ ಗಾಳಿ ಜಾಗ ಬಿಟ್ಟರೆ ಇನ್ನೂ ಚೆನ್ನಾಗಿ ಕುಡಿಯುತ್ತದೆ. ತಿಪಟೂರು, ಅರಸೀಕೆರೆ ಸೀಮೆಯವರಿಗೆ ನಾರಿಗೆ ಬರವೇ? ಆದರೆ ಬೆಂಕಿ ಹಿಡಿಯದ ಹಾಗೆ ಔಷಧಿ ಹಾಕಿಸಿದ ನಾರೇ ಆಗಬೇಕು. ಇದರಲ್ಲಿ ರಾಜಿ ಇಲ್ಲ.

ಮೋಸ ಹೋಗಬೇಡಿ: ಸಾದಾ ಜಿಪ್ಸಂ ಫಾಲ್ಸ್ ಸೀಲಿಂಗ್ ನೋಡಲು ಚೆಂದ, ಸದ್ದಿಗೆ ಅದೂ ಒಂದು ಗೋಡೆ. ಥರ್ಮಾಕೋಲ್ ಸದ್ದು ಕುಡಿಯುವುದಿಲ್ಲ, ಬೆಂಕಿ ಮಾತ್ರ ಬೇಗ ಹಿಡಿಯುತ್ತದೆ. ಮೊಟ್ಟೆ ಟ್ರೇ ಅಂಟಿಸುವುದೂ ಅಷ್ಟೇ.

ಎರಡನೆಯದು ಮರೆ. ಕೂತವರ ತಲೆಗಿಂತ ಎತ್ತರದ, ಬಟ್ಟೆ ಹೊದಿಸಿದ ಮರೆ. ಚಾವಣಿ ಸರಿಮಾಡದೆ ಮರೆ ಮಾತ್ರ ಹಾಕಿದರೆ ಸದ್ದು ಮೇಲಿಂದ ಹಾರಿ ಬರುತ್ತದೆ. ಎರಡೂ ಬೇಕು.

ಮೂರನೆಯದು ಕೂರಿಸುವ ಕ್ರಮ. ಫೋನಿನವರು ಒಂದು ಕಡೆ, ಡೇಟಾ ಎಂಟ್ರಿಯವರು ಇನ್ನೊಂದು ಕಡೆ, ನಡುವೆ ಗೋಡೆ. ಇದಕ್ಕೆ ದೊಡ್ಡ ದುಡ್ಡು ಬೇಕಿಲ್ಲ, ಮನಸ್ಸು ಬೇಕು.

ನಾಲ್ಕನೆಯದು ಬಾಗಿಲಿರುವ ಒಂದು ಸಣ್ಣ ಕೋಣೆ. ಒಂದು ತಾಸು ಫೋನಿನಲ್ಲಿ ಕಳೆದವರು ಐದು ನಿಮಿಷ ಕೂತು ಬರಲು.

ಐದನೆಯದು ಜನರೇಟರ್. ನಮ್ಮ ಕಡೆ ಕರೆಂಟ್ ಕತೆ ನಿಮಗೆ ಗೊತ್ತು. ಅದನ್ನು ಕಿಟಕಿಯ ಕೆಳಗೆ ಇಡಬೇಡಿ. ಭವನದ ಹಿಂದೆ ದೂರದಲ್ಲಿ, ಅಡ್ಡ ಗೋಡೆ ಕಟ್ಟಿ ಇಡಿ. ಇಲ್ಲದಿದ್ದರೆ ಒಳಗಿನವರ ಜೊತೆ ಪಕ್ಕದ ಕೇರಿಯವರಿಗೂ ಶಿಕ್ಷೆ.

ಕಾನೂನು ಎಲ್ಲಿದೆ?

ಕಾನೂನಿನವರು ಬಂದು ಕಾಪಾಡುತ್ತಾರೆ ಅಂತ ಕಾಯಬೇಡಿ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಲ್ಲಿ ಹಗಲು ಹೊತ್ತು ವಾಣಿಜ್ಯ ಪ್ರದೇಶಕ್ಕೆ 65, ವಸತಿ ಪ್ರದೇಶಕ್ಕೆ 55 ಡೆಸಿಬಲ್ ಅಂತ ಮಿತಿ ಇದೆ. ಅದು ಬೀದಿಗೆ, ಬಡಾವಣೆಗೆ. ಹಾಲ್ ಒಳಗಿನದಕ್ಕಲ್ಲ. ಕಾರ್ಖಾನೆಗಳಿಗೆ 8 ತಾಸಿಗೆ 90 ಡೆಸಿಬಲ್ ಮಿತಿ ಇದೆ. ಅದು ಕಿವುಡಾಗದಿರಲಿ ಅಂತ. ಒಂದು ಮಾರು ದೂರದಿಂದ ಮಾಮೂಲಿ ಮಾತಾಡಿದರೆ 60 ಡೆಸಿಬಲ್ ಆಸುಪಾಸು ಇರುತ್ತದೆ. ಅಂದರೆ ಇಡೀ ಹಾಲ್ ಮಾಮೂಲಿ ದನಿಯಲ್ಲಿ ಒಟ್ಟಿಗೆ ಮಾತಾಡಿದರೂ 90 ಮುಟ್ಟುವುದು ಕಷ್ಟ. ಕಾನೂನಿನ ಲೆಕ್ಕದಲ್ಲಿ ತೊಂದರೆಯೇ ಇಲ್ಲ! ಕಿವಿ ಉಳಿಯಿತು, ತಲೆ ಹೋಯಿತು.

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಕಟ್ಟಡದೊಳಗಿನ ಸದ್ದಿಗೇ ಒಂದು ಅಧ್ಯಾಯವಿದೆ. ಆದರೆ ಅದು ಸಲಹೆ. ಓಪನ್ ಆಫೀಸಿನ ಸದ್ದು ಅಳೆಯಲೆಂದೇ ಐಎಸ್ಒ 3382ರ ಮೂರನೇ ಭಾಗ ಅಂತ ಅಂತಾರಾಷ್ಟ್ರೀಯ ಮಾನದಂಡ 2012ರಲ್ಲೇ ಬಂದಿದೆ. ಅದರ ಪ್ರಕಾರ ಒಳ್ಳೆಯ ಹಾಲ್‌ನಲ್ಲಿ ಒಬ್ಬರ ಮಾಮೂಲಿ ಮಾತು 4 ಮೀಟರ್ ದೂರಕ್ಕೆ 48 ಡೆಸಿಬಲ್ ದಾಟಬಾರದು. ಹೆಚ್ಚುಕಡಿಮೆ ಬಯಲಿನಲ್ಲಿ ನಿಂತು ಮಾತಾಡಿದ ಹಾಗೆ. 'ಓಪನ್' ಅನ್ನುವ ಮಾತಿಗೆ ಇದು ಮರ್ಯಾದೆ.

ನನಗೆ ಬಂದ ಉತ್ತರಗಳು

"ಹೆಡ್‌ಫೋನ್ ಕೊಡ್ತೀವಿ" ಅಂತ ಕಂಪನಿಯವರು. ಸದ್ದು ತಡೆಯುವ ಹೆಡ್‌ಫೋನ್ ಫ್ಯಾನು, ಎಸಿ, ಎಂಜಿನ್ನಿನಂಥ ಒಂದೇ ಸಮನೆಯ ಮೊರೆತವನ್ನು ಚೆನ್ನಾಗಿ ತಗ್ಗಿಸುತ್ತದೆ. ಪಕ್ಕದವರ ಮಾತನ್ನು ಅಷ್ಟು ತಗ್ಗಿಸುವುದಿಲ್ಲ. ಅದೂ ಅಲ್ಲದೆ ಸುತ್ತ ಗಲಾಟೆ ಇದ್ದಾಗ ಎಲ್ಲರೂ ಹೆಡ್‌ಫೋನಿನ ವಾಲ್ಯೂಮ್ ಏರಿಸಿಕೊಳ್ಳುತ್ತಾರೆ. ಆಗ ಲೈನಿನಲ್ಲಿ ಒಮ್ಮೆಲೇ ಕೀ ಅಂತ ಚೀರು ಬಂದರೆ ಕಿವಿಗೆ ಪೆಟ್ಟು ಬೀಳುತ್ತದೆ. ಕಾಲ್ ಸೆಂಟರ್ ಕೆಲಸಗಾರರಲ್ಲಿ ಕಾಣುವ ಈ ತೊಂದರೆಗೆ 'ಅಕೌಸ್ಟಿಕ್ ಶಾಕ್' ಅಂತ ಹೆಸರೇ ಇದೆ. ಮನೆ ಸೋರಿದರೆ ಸೂರು ಸರಿಮಾಡುತ್ತೀರೋ, ಮನೆಮಂದಿಗೆಲ್ಲ ಛತ್ರಿ ಹಂಚುತ್ತೀರೋ?

"ನಿಧಾನವಾಗಿ ಮಾತಾಡಿ ಅಂತ ಬೋರ್ಡ್ ಹಾಕ್ತೀವಿ." ಮಾತಾಡುವುದೇ ಕೆಲಸ ಆಗಿರುವವರಿಗೆ ಮಾತಾಡಬೇಡಿ ಅನ್ನುವುದು ಯಾವ ನ್ಯಾಯ?

"ಖರ್ಚಾಗುತ್ತೆ." ಆಗುತ್ತದೆ. ಆದರೆ ಈಗಲೂ ಖರ್ಚಾಗುತ್ತಲೇ ಇದೆ. ತಪ್ಪು ಅಂಕಿಯಲ್ಲಿ, ಎರಡೆರಡು ಸಲ ಹೇಳಿಸುವ ಕಾಲ್‌ನಲ್ಲಿ, ಆರು ತಿಂಗಳಿಗೇ ಬಿಟ್ಟುಹೋಗುವ ನೌಕರರಲ್ಲಿ. ಆ ಖರ್ಚನ್ನು ಹುಡುಗಿಯರ ಲೆಕ್ಕಕ್ಕೆ ಬರೆಯುವುದರಿಂದ ಕಂಪನಿಗೆ ಕಾಣುವುದಿಲ್ಲ. ಕುರ್ಚಿ, ಕಂಪ್ಯೂಟರ್, ನೆಟ್‌ವರ್ಕ್‌ಗೆ ದುಡ್ಡಿದೆ, ಕ್ಯಾಬಿನ್ನಿನ ಗಾಜಿಗೆ ದುಡ್ಡಿದೆ, ಚಾವಣಿಗೆ ಮಾತ್ರ ಇಲ್ಲ ಅಂದರೆ ನಂಬಬೇಕಾ?

ಇನ್ನು ಕೊನೆಯದು, ನಮ್ಮವರೇ ಹೇಳುವುದು. "ಕೇಳಿದ್ರೆ ಕಂಪನಿ ಓಡೋಗುತ್ತೆ ಕಣವ್ವ. ಮೊದ್ಲು ಬರ್ಲಿ, ಆಮೇಲೆ ನೋಡ್ಕಳಾನ."

ಈ ಹೆದರಿಕೆ ನನಗೂ ಇದೆ. ನನ್ನ ತಂಗಿಯೇ ಈ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ. ಆದರೆ 'ಆಮೇಲೆ' ಅನ್ನುವುದು ಬರುವುದಿಲ್ಲ. ಮೇಜು ಹಾಕಿ, ವೈರ್ ಎಳೆದು, ಜನ ಕೂತ ಮೇಲೆ ಯಾರೂ ಚಾವಣಿ ಬಿಚ್ಚುವುದಿಲ್ಲ. ಸಂತೆಯ ಹೊತ್ತಿಗೆ ಮೂರು ಮೊಳ ನೇಯ್ದರೆ ಆ ಬಟ್ಟೆಯಲ್ಲೇ ವರ್ಷವಿಡೀ ಮೈ ಮುಚ್ಚಿಕೊಳ್ಳಬೇಕು. ಕಂಪನಿ ಇಲ್ಲಿಗೆ ಬರುತ್ತಿರುವುದು ನಮ್ಮ ಮೇಲಿನ ಪ್ರೀತಿಗಲ್ಲ. ಬೆಂಗಳೂರಿಗಿಂತ ಬಾಡಿಗೆ ಕಡಿಮೆ, ಸಂಬಳ ಕಡಿಮೆ. ಉಳಿಸಿದ ದುಡ್ಡಿನಲ್ಲಿ ಒಂದು ಪಾಲು ಚಾವಣಿಗೆ ಹಾಕಿ ಅಂದರೆ ಓಡಿಹೋಗುವ ಕಂಪನಿ, ನಾಳೆ ಪಕ್ಕದ ತಾಲ್ಲೂಕಿನಲ್ಲಿ ಇನ್ನೂ ಕಡಿಮೆ ಬಾಡಿಗೆಗೆ ಭವನ ಸಿಕ್ಕರೆ ಹೇಗೂ ಓಡಿಹೋಗುತ್ತದೆ.

ಬೀಗದ ಕೈ ನಮ್ಮ ಹತ್ತಿರ ಇದೆ

ಬೆಂಗಳೂರಿನ ಹಾಲ್‌ನಲ್ಲಿ ನಾನು ಒಬ್ಬಳೇ ಇದ್ದೆ. ಕೇಳಿದರೆ ನಗುತ್ತಿದ್ದರು. ಇಲ್ಲಿ ಹಾಗಲ್ಲ. ಭವನ ಪಂಚಾಯ್ತಿಯದು, ಅಂದರೆ ನಮ್ಮದು. ಬಾಡಿಗೆ ಕರಾರಿಗೆ ಸಹಿ ಬೀಳುವವರೆಗೂ ಬೀಗದ ಕೈ ನಮ್ಮ ಕೈಯಲ್ಲಿದೆ.

ಕರಾರಿನಲ್ಲಿ ಇಷ್ಟು ಬರೆಸಿ. ಕಂಪನಿ ಕೂರುವ ಮೊದಲು ಚಾವಣಿಗೆ ಸದ್ದು ಹೀರುವ, ಬೆಂಕಿ ಹಿಡಿಯದ ಹಾಸು ಹಾಕಬೇಕು. ಮೇಜುಗಳ ನಡುವೆ ಮರೆ ಇರಬೇಕು. ಫೋನಿನವರಿಗೂ ಡೇಟಾದವರಿಗೂ ನಡುವೆ ಗೋಡೆ ಇರಬೇಕು. ವಿರಾಮಕ್ಕೆ ಒಂದು ಕೋಣೆ ಇರಬೇಕು. ಜನರೇಟರ್ ದೂರ ಇರಬೇಕು. ಜನ ಕೂತು ಕೆಲಸ ಶುರುವಾದ ಮೇಲೆ, ಪಂಚಾಯ್ತಿಯವರ ಎದುರಿಗೇ ಒಳಗಿನ ಸದ್ದು ಅಳೆಸಬೇಕು. ಬೇಕಾದರೆ ಮೊದಲ ಕೆಲವು ತಿಂಗಳ ಬಾಡಿಗೆಯನ್ನು ಚಾವಣಿ ಖರ್ಚಿಗೆ ಮುರಿದುಕೊಳ್ಳಲಿ. ಚಾವಣಿ ಭವನದಲ್ಲೇ ಉಳಿಯುತ್ತದೆ. ಕಂಪನಿ ಹೋದರೂ ನಮ್ಮ ಮದುವೆಗಳಲ್ಲಿ ಪುರೋಹಿತರ ಮಂತ್ರವಾದರೂ ಅರ್ಥವಾಗುತ್ತದೆ!

ಮುಂದಿನ ಗ್ರಾಮಸಭೆಗೆ ಬನ್ನಿ. ಅರ್ಜಿ ಹಾಕಿರುವ ಹುಡುಗಿಯರೂ ಬನ್ನಿ, ಅವರ ಅಪ್ಪ ಅಮ್ಮಂದಿರೂ ಬನ್ನಿ. ಸಭೆ ಅದೇ ಭವನದಲ್ಲಿ ನಡೆಯುತ್ತದೆ. ಹಿಂದಿನ ಸಭೆಗಳಲ್ಲಿ ಹಿಂದೆ ಕೂತ ಹೆಂಗಸರಿಗೆ ಒಂದು ಮಾತೂ ಕೇಳಿಸುವುದಿಲ್ಲ ಅಂತ ನೀವೇ ದೂರಿದ್ದೀರಿ. ಅದಕ್ಕೂ ಕಾರಣ ಇದೇ ತಾರಸಿ.

ನಿಮ್ಮ ಊರಿನಲ್ಲೂ ಗೋಡೌನನ್ನೋ ಛತ್ರವನ್ನೋ ಮುಚ್ಚಿದ ಶಾಲೆಯನ್ನೋ ಆಫೀಸು ಮಾಡುವ ಮಾತು ಬಂದಿದ್ದರೆ, ಮೊದಲು ಒಳಗೆ ಹೋಗಿ ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ದುಡ್ಡು ಕೊಡಬೇಕಿಲ್ಲ, ಎಂಜಿನಿಯರ್ ಬೇಕಿಲ್ಲ. ಸದ್ದು ತಕ್ಷಣ ಸತ್ತರೆ ಸರಿ. ಎಣಿಸುವಷ್ಟು ಹೊತ್ತು ಉಳಿದರೆ, ಆ ಹಾಲ್ ಇನ್ನೂ ಕೆಲಸದ ಜಾಗವಾಗಿಲ್ಲ.

ಚಿಕ್ಕಪ್ಪನನ್ನು ಮೊನ್ನೆ ಮತ್ತೆ ಕರೆದುಕೊಂಡು ಹೋದೆ. ಅವರನ್ನು ಒಂದು ಮೂಲೆಯಲ್ಲಿ, ತಂಗಿಯನ್ನು ಇನ್ನೊಂದು ಮೂಲೆಯಲ್ಲಿ ನಿಲ್ಲಿಸಿ, ನಡುವೆ ನಾಲ್ಕು ಜನ ಹುಡುಗಿಯರಿಗೆ ಒಟ್ಟಿಗೆ ಮಾತಾಡಲು ಹೇಳಿದೆ. ತಂಗಿ ಒಂದು ಮೊಬೈಲ್ ನಂಬರ್ ಓದಿದಳು. ಚಿಕ್ಕಪ್ಪ ಬರೆದುಕೊಂಡರು. ಹತ್ತರಲ್ಲಿ ನಾಲ್ಕು ಅಂಕಿ ತಪ್ಪು.

ಚೀಟಿ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಆ ನಾರಿನ ಚಾವಣಿಗೆ ಎಷ್ಟಾಗುತ್ತೆ ಅಂದೆ?"